ವಜ್ರ ಸಿಕ್ಕಿದ್ದು ಯಾರ ನೆಲದಲ್ಲಿ?

ರಾಜಧಾನಿಯೇ ದೇಶದ ಗಡಿಯ ಹೊರಗಿದ್ದರೆ ಹೇಗಿರುತ್ತೆ? ಬೋಟ್ಸ್ವಾನಾ ಅಂಥದ್ದೊಂದು ದೇಶವಾಗಿತ್ತು. ಆಗ ಅದರ ಹೆಸರು ಬೆಚುವಾನಾಲ್ಯಾಂಡ್. 1885ರಲ್ಲಿ ಬ್ರಿಟಿಷರ ಕೈಕೆಳಗೆ ಬಂದ ಈ ನಾಡಿನ ಆಡಳಿತ ಬಹುಪಾಲು ಕಾಲ ನಡೆದದ್ದು ಗಡಿಯಾಚೆಗಿನ ಮಾಫೆಕಿಂಗ್‌ನಿಂದ, ಅಂದರೆ ದಕ್ಷಿಣ ಆಫ್ರಿಕಾದ ನೆಲದಿಂದ. ಇಲ್ಲೊಂದು ರಾಜಧಾನಿ ಕಟ್ಟಬೇಕು ಅಂತ ಆಳುವವರಿಗೆ ಅನ್ನಿಸಿರಲೇ ಇಲ್ಲ.

ಮ್ಯಾಪ್ ತೆಗೆದು ನೋಡಿದರೆ ಕಾರಣ ಗೊತ್ತಾಗುತ್ತೆ. ದಕ್ಷಿಣ ಆಫ್ರಿಕಾದ ನೆತ್ತಿಯ ಮೇಲೆ, ಸುತ್ತಲೂ ಬೇರೆ ದೇಶಗಳು, ಸಮುದ್ರದ ಸುಳಿವೇ ಇಲ್ಲ. ವಿಸ್ತೀರ್ಣ ಸುಮಾರು 5.8 ಲಕ್ಷ ಚದರ ಕಿಲೋಮೀಟರ್, ಜನ ಇವತ್ತಿಗೂ 25 ಲಕ್ಷದ ಆಸುಪಾಸು. ನೆಲದ ಬಹುಭಾಗ ಕಲಹರಿ ಮರುಭೂಮಿ. ಅಲ್ಲಿನ ನದಿಗೂ ಸಮುದ್ರ ಸಿಗಲ್ಲ. ಅಂಗೋಲಾದ ಬೆಟ್ಟಗಳಲ್ಲಿ ಹುಟ್ಟುವ ಒಕವಾಂಗೊ ಇಲ್ಲಿಗೆ ಬಂದು, ಕವಲು ಕವಲಾಗಿ ಹರಡಿ, ಬಿಸಿಲಿಗೆ ಆರಿ ಮರಳಲ್ಲಿ ಇಂಗಿ ಹೋಗುತ್ತೆ. ಇಂಥ ಕಡೆ ಮಳೆಯೇ ಸಂಪತ್ತು. ಸೆಟ್ಸ್ವಾನಾ ಭಾಷೆಯಲ್ಲಿ ಮಳೆಗೆ ‘ಪುಲಾ’ ಅಂತಾರೆ. 1976ರಲ್ಲಿ ಸ್ವಂತ ನೋಟು ಅಚ್ಚು ಹಾಕಿಸಿದಾಗ ಅದಕ್ಕೂ ಪುಲಾ ಅಂತಲೇ ಹೆಸರಿಟ್ಟರು.

ಬೇರೆಯವರಿಗೆ ಬೇಡವಾಗಿದ್ದ ಈ ನೆಲ ಅಲ್ಲಿನವರಿಗೆ ಬೇಕಿತ್ತು. 1895ರಲ್ಲಿ ಸೆಸಿಲ್ ರೋಡ್ಸ್ ತನ್ನ ಕಂಪನಿಗೆ ಈ ನಾಡನ್ನು ಒಪ್ಪಿಸಿ ಅಂತ ಬ್ರಿಟಿಷ್ ಸರ್ಕಾರದ ಬೆನ್ನು ಬಿದ್ದಿದ್ದ. ಆಗ ಮೂರನೇ ಖಾಮಾ, ಸೆಬೆಲೆ ಮತ್ತು ಬಾತೋಎನ್ ಎಂಬ ಮೂವರು ನಾಯಕರು ಹಡಗು ಹತ್ತಿ ಇಂಗ್ಲೆಂಡಿಗೇ ಹೋದರು. ಊರೂರು ತಿರುಗಿ ಭಾಷಣ ಮಾಡಿದರು, ಮಂತ್ರಿಗಳನ್ನು ಕಂಡರು, ವಿಕ್ಟೋರಿಯಾ ರಾಣಿಯನ್ನೂ ಭೇಟಿಯಾದರು. ರೈಲು ಹಳಿಗೆ ಒಂದಿಷ್ಟು ಜಾಗ ಬಿಟ್ಟುಕೊಟ್ಟು ಉಳಿದದ್ದನ್ನು ಉಳಿಸಿಕೊಂಡರು. ಸ್ವಲ್ಪದರಲ್ಲೇ ಟ್ರಾನ್ಸ್‌ವಾಲ್ ಮೇಲೆ ರೋಡ್ಸ್ ಕಡೆಯವರು ಮಾಡಿದ ದಾಳಿ ನೆಲಕಚ್ಚಿ ಅವನ ವರ್ಚಸ್ಸೂ ಇಳೀತು.

ಆ ಖಾಮಾ ದೊರೆಯ ಮೊಮ್ಮಗನೇ ಸೆರೆಟ್ಸೆ ಖಾಮಾ. ನಾಲ್ಕನೇ ವಯಸ್ಸಿಗೆ ಅಪ್ಪ ತೀರಿಕೊಂಡಾಗ ಬಮಾಂಗ್ವಾಟೊ ಪಂಗಡದ ಪಟ್ಟ ಇವನ ಪಾಲಿಗೆ ಬಂತು. ಅವನ ಪರವಾಗಿ ರಾಜ್ಯ ನೋಡಿಕೊಂಡದ್ದು ಚಿಕ್ಕಪ್ಪ ಚೆಕೆಡಿ. ಹುಡುಗ ಲಾ ಓದೋಕೆ ಲಂಡನ್ನಿಗೆ ಹೋದ. ಅಲ್ಲಿ ಕ್ಲರ್ಕ್ ಆಗಿದ್ದ ರೂತ್ ವಿಲಿಯಮ್ಸ್ ಎಂಬ ಬಿಳಿ ಹುಡುಗಿಯನ್ನು 1948ರಲ್ಲಿ ಮದುವೆಯಾದ. ಅದೇ ವರ್ಷ ಪಕ್ಕದ ದಕ್ಷಿಣ ಆಫ್ರಿಕಾದಲ್ಲಿ ವರ್ಣಭೇದದ ಸರ್ಕಾರ ಬಂದಿತ್ತು.

ಚಿಕ್ಕಪ್ಪನೇ ಈ ಮದುವೆಗೆ ಅಡ್ಡ ನಿಂತ. ವಿಷಯ ‘ಖೋಟ್ಲಾ’ಕ್ಕೆ ಹೋಯ್ತು. ಖೋಟ್ಲಾ ಅಂದರೆ ಅವರ ಊರ ಸಭೆ, ನಮ್ಮ ಅರಳಿಕಟ್ಟೆಯ ಪಂಚಾಯ್ತಿ ಇದ್ದ ಹಾಗೆ. ದೊರೆ ದೊರೆಯಾಗೋದು ಜನರಿಂದ ಅನ್ನೋದು ಅಲ್ಲಿನ ಗಾದೆ. ಮೊದಲ ಸಭೆಯಲ್ಲಿ ವಿರೋಧವೇ ಜಾಸ್ತಿ. ಆದರೆ 1949ರ ಜೂನಿನಲ್ಲಿ ಸೆರೋವೆಯಲ್ಲಿ ಸೇರಿದ ಸಾವಿರಾರು ಜನ ಸೆರೆಟ್ಸೆಯ ಪರ ಎದ್ದು ನಿಂತರು. ರೂತ್ ಬರಲಿ, ನಮ್ಮ ದೊರೆ ನಮಗೆ ಬೇಕು ಅಂದರು.

ಜನ ಒಪ್ಪಿದರೂ ಲಂಡನ್ ಒಪ್ಪಲಿಲ್ಲ. ದಕ್ಷಿಣ ಆಫ್ರಿಕಾದ ಚಿನ್ನ, ಯುರೇನಿಯಂ ಬ್ರಿಟನ್ನಿಗೆ ಬೇಕಿತ್ತು, ಆ ಸರ್ಕಾರಕ್ಕೆ ಸಿಟ್ಟು ಬರಿಸೋ ಹಾಗಿರಲಿಲ್ಲ. ಸೆರೆಟ್ಸೆಯನ್ನು ಅವನ ಊರಿಂದಲೇ ಹೊರಗಿಟ್ಟರು. 1956ರಲ್ಲಿ ಪಟ್ಟದ ಹಕ್ಕು ಬಿಟ್ಟುಕೊಟ್ಟ ಮೇಲೇ ಅವನು ಸಾಮಾನ್ಯ ಪ್ರಜೆಯಾಗಿ ವಾಪಸ್ ಬರೋಕಾಗಿದ್ದು. ಈ ಕಥೆ 2016ರಲ್ಲಿ ‘ಎ ಯುನೈಟೆಡ್ ಕಿಂಗ್‌ಡಂ’ ಅಂತ ಸಿನಿಮಾನೂ ಆಯ್ತು. ಆದರೆ ನನಗೆ ಮದುವೆಗಿಂತ ಆಮೇಲಿನ ಕಥೆಯೇ ದೊಡ್ಡದು ಅನ್ನಿಸುತ್ತೆ.

ಪಟ್ಟ ಬಿಟ್ಟವರು ಪಕ್ಷ ಕಟ್ಟಿದರು, ಚುನಾವಣೆ ಗೆದ್ದರು. 1966ರ ಸೆಪ್ಟೆಂಬರ್ 30ರಂದು ದೇಶ ಸ್ವತಂತ್ರವಾದಾಗ ಮೊದಲ ಅಧ್ಯಕ್ಷರಾದರು. ಕೈಗೆ ಸಿಕ್ಕ ದೇಶ ಎಂಥದ್ದು? ಟಾರ್ ರಸ್ತೆ ಸುಮಾರು 12 ಕಿಲೋಮೀಟರ್, ಪದವೀಧರರು ಬರೀ 22 ಮಂದಿ. ಬರಗಾಲ ಬೇರೆ. ಸರ್ಕಾರದ ದಿನದ ಖರ್ಚಿಗೂ ಬ್ರಿಟನ್ ಮುಂದೆ ಕೈಚಾಚಬೇಕು.

ಮರುವರ್ಷ ಎರಡು ಸಂಗತಿ ನಡೆದವು. ಒಂದು, ಒರಾಪಾ ಎಂಬಲ್ಲಿ ಡಿ ಬೀರ್ಸ್ ಕಂಪನಿಯ ಭೂವಿಜ್ಞಾನಿಗಳಿಗೆ ವಜ್ರದ ನಿಕ್ಷೇಪ ಸಿಕ್ಕಿತು. ಇನ್ನೊಂದು, ನೆಲದೊಳಗಿನ ಖನಿಜದ ಹಕ್ಕು ಪಂಗಡಗಳದ್ದಲ್ಲ, ಇಡೀ ದೇಶದ್ದು ಅನ್ನುವ ಕಾನೂನು ಬಂತು. ಅದಕ್ಕೂ ಮೊದಲು ಆ ಹಕ್ಕು ಆಯಾ ಪಂಗಡದ ಕೈಲಿತ್ತು. ಒರಾಪಾ ಇದ್ದದ್ದು ಯಾರ ನೆಲದಲ್ಲಿ ಗೊತ್ತಾ? ಬಮಾಂಗ್ವಾಟೊಗಳ ನೆಲದಲ್ಲಿ, ಅಂದರೆ ಸೆರೆಟ್ಸೆಯವರ ಸ್ವಂತ ಪಂಗಡದ ನೆಲದಲ್ಲಿ. ‘ಇದು ನಮ್ಮಜ್ಜನ ಆಸ್ತಿ’ ಅಂತ ಅವರು ಕೂತಿದ್ದರೆ ಉಳಿದ ಪಂಗಡಗಳು ಏನು ಮಾಡ್ತಿದ್ದವು? ವಜ್ರಕ್ಕಾಗಿ ರಕ್ತ ಹರಿಸಿದ ಸಿಯೆರಾ ಲಿಯೋನ್, ಅಂಗೋಲಾಗಳನ್ನು ನೋಡಿದರೆ ಊಹಿಸೋದು ಕಷ್ಟವಲ್ಲ.

ಮುಂದೆ ಡಿ ಬೀರ್ಸ್ ಜೊತೆ ಚೌಕಾಸಿ ಮಾಡಿ, 1975ರ ಹೊತ್ತಿಗೆ ಗಣಿಯಲ್ಲಿ ಸರ್ಕಾರದ ಪಾಲನ್ನು ಅರ್ಧಕ್ಕೆ ಏರಿಸಿಕೊಂಡರು. ಆ ದುಡ್ಡು ರಸ್ತೆ, ಶಾಲೆ, ಆಸ್ಪತ್ರೆಗಳಾಯ್ತು. ಮೂರು ದಶಕ ಜಗತ್ತಿನಲ್ಲೇ ಅತಿ ವೇಗವಾಗಿ ಬೆಳೆದ ಆರ್ಥಿಕತೆಗಳಲ್ಲಿ ಇದೂ ಒಂದು. ಎಚ್‌ಐವಿ ದೇಶವನ್ನೇ ನುಂಗುವಂತಿದ್ದಾಗ, 2002ರಲ್ಲಿ ಸರ್ಕಾರವೇ ಪುಕ್ಕಟೆ ಔಷಧ ಕೊಡೋಕೆ ಶುರುಮಾಡಿತು.

ಹಾಗಂತ ಎಲ್ಲ ಚೆಂದವಲ್ಲ. ಕಲಹರಿಯಲ್ಲಿ ಎಲ್ಲರಿಗಿಂತ ಮೊದಲಿಂದ ಇದ್ದವರು ಬೇಟೆ, ಗೆಡ್ಡೆ-ಗೆಣಸು ನಂಬಿ ಬದುಕಿದ ಸಾನ್ ಜನ. 1997ರಲ್ಲಿ, ಮತ್ತೆ 2002ರಲ್ಲಿ ಸರ್ಕಾರ ಅವರನ್ನು ಕೇಂದ್ರ ಕಲಹರಿಯ ಅಭಯಾರಣ್ಯದಿಂದ ಎಬ್ಬಿಸಿತು. 2006ರಲ್ಲಿ ಹೈಕೋರ್ಟು ಇದು ಕಾನೂನುಬಾಹಿರ ಅಂತ ಹೇಳಬೇಕಾಯ್ತು. ‘ನೆಲ ಎಲ್ಲರದ್ದು’ ಅಂದ ದೇಶದಲ್ಲೂ ಆ ಎಲ್ಲರ ಲೆಕ್ಕದಲ್ಲಿ ಕೆಲವರು ಬಿಟ್ಟುಹೋಗಿದ್ದರು.

ಈಗ ವಜ್ರಕ್ಕೇ ಕಷ್ಟಕಾಲ. ಲ್ಯಾಬ್‌ನಲ್ಲಿ ಬೆಳೆಸಿದ ವಜ್ರ ಅಗ್ಗಕ್ಕೆ ಸಿಗುವಾಗ ಗಣಿಯದ್ದೇ ಬೇಕು ಅನ್ನೋರು ಕಡಿಮೆಯಾಗ್ತಿದ್ದಾರೆ. ಬೊಕ್ಕಸ ಸೊರಗಿತು, ಯುವಕರಿಗೆ ಕೆಲಸ ಇಲ್ಲ. 2024ರಲ್ಲಿ ಜನ, 58 ವರ್ಷ ಆಳಿದ ಸೆರೆಟ್ಸೆಯವರ ಪಕ್ಷವನ್ನೇ ಸೋಲಿಸಿದರು. ಸೋತ ಅಧ್ಯಕ್ಷರು ಎಣಿಕೆ ಮುಗಿಯೋಕೂ ಮೊದಲೇ ಸೋಲೊಪ್ಪಿಕೊಂಡು ಅಧಿಕಾರ ಬಿಟ್ಟುಕೊಟ್ಟರು. ಸೇನೆ ಬೀದಿಗಿಳಿಯಲಿಲ್ಲ, ಗಲಭೆಯಾಗಲಿಲ್ಲ. ವಜ್ರ ಮುಗಿದ ಮೇಲೆ ಆ ದೇಶ ಏನು ತಿಂದು ಬದುಕುತ್ತೋ, ಅದನ್ನಿನ್ನು ಹೊಸ ಸರ್ಕಾರ ಯೋಚಿಸಬೇಕು. ಸಭೆಯಲ್ಲಿ ಜನ ಹೇಳಿದ ಮಾತಿಗೆ ದೊರೆ ತಲೆಬಾಗೋ ಅಭ್ಯಾಸ ಮಾತ್ರ ಗಣಿಗಿಂತ ಹಳೆಯದು.