ದೊಡ್ಡಪ್ಪನ ಮಾರುತಿ 800 ಮತ್ತು ಹದಿನೈದು ವರ್ಷದ ಲೆಕ್ಕ

ಗುರುಗ್ರಾಮ, ನೋಯ್ಡಾದಲ್ಲಿ ಕೆಲಸ ಮಾಡೋ ನಮ್ಮೋರಿಗೆ ಸರೋಜಿನಿ ನಗರ ಅಂದ್ರೆ ಕಡಿಮೆ ರೇಟಿಗೆ ಬಟ್ಟೆ ಸಿಗೋ ಮಾರ್ಕೆಟ್. ನನಗೆ ಮಾತ್ರ ಅದು ದೊಡ್ಡಪ್ಪನ ಸರ್ಕಾರಿ ಕ್ವಾರ್ಟರ್ಸ್. ಮನೆ ಮುಂದೆ ಬೇವಿನ ಮರ, ಮರದ ಕೆಳಗೆ ಬಿಳಿ ಮಾರುತಿ 800.

ಈ ಕಾರಿನ ಚರಿತ್ರೆಯೂ ಅಲ್ಲೇ ಹತ್ತಿರದ್ದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿ ಮೊದಲ ಮಾರುತಿ 800ರ ಕೀ ಕೊಟ್ಟಿದ್ದು ಹರ್ಪಾಲ್ ಸಿಂಗ್ ಅವರಿಗೆ. ಇಂಡಿಯನ್ ಏರ್‌ಲೈನ್ಸ್ ನೌಕರ, ಮನೆ ಗ್ರೀನ್ ಪಾರ್ಕ್. ಸರೋಜಿನಿ ನಗರದಿಂದ ಆಟೋದಲ್ಲಿ ಹತ್ತು ನಿಮಿಷ, ಟ್ರಾಫಿಕ್ ಇಲ್ಲದಿದ್ರೆ! ಆಗ ಬೆಲೆ ಸುಮಾರು 47,500 ರೂಪಾಯಿ. ಅಂಬಾಸಿಡರ್, ಪದ್ಮಿನಿಗೆ ವರ್ಷಗಟ್ಟಲೆ ಕಾಯ್ತಿದ್ದ ಸಂಬಳದಾರರಿಗೆ ಮೂರು ಸಿಲಿಂಡರಿನ ಈ ಪುಟ್ಟ 796 ಸಿಸಿ ಗಾಡಿ ಹೊಸ ಲೋಕವನ್ನೇ ತೋರಿಸಿತು.

ಹರ್ಪಾಲ್ ಸಿಂಗ್ 2010ರಲ್ಲಿ ತೀರಿಕೊಂಡರು. ಅದುವರೆಗೂ ಆ ಕಾರು ಅವರ ಹತ್ತಿರವೇ ಇತ್ತು. ಆಮೇಲೆ ಮನೆ ಹೊರಗೆ ತುಕ್ಕು ಹಿಡಿದು ನಿಂತಿತ್ತು. ಕೊನೆಗೆ ಕಂಪನಿಯೇ ಅದನ್ನು ರಿಪೇರಿ ಮಾಡಿಸಿ ದೆಹಲಿಯ ತನ್ನ ಮುಖ್ಯ ಕಚೇರಿಯಲ್ಲಿ ಇಟ್ಟಿತು. ಈಗ ಫಳಫಳ ಹೊಳೆಯುತ್ತೆ. ಆದ್ರೆ ಅದು ನೋಡೋಕೆ ಮಾತ್ರ.

ಯಾಕಂದ್ರೆ, ಹದಿನೈದು ವರ್ಷ ದಾಟಿದ ವಾಹನ ದೆಹಲಿಯಲ್ಲಿ ಓಡಬಾರದು ಅಂತ 2014ರಲ್ಲಿ ಎನ್‌ಜಿಟಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ ನಿರ್ಬಂಧ ಎತ್ತಿಹಿಡಿಯಿತು. ನವೆಂಬರ್‌ನಲ್ಲಿ ಇಲ್ಲಿ ಉಸಿರಾಡಿದೋರು ಯಾರೂ ಇದನ್ನ ಸುಮ್ಮನೆ ಬೈಯಲಾರರು. ನನ್ನ ತಕರಾರು ಒಂದೇ: ಗಾಡಿ ಬಿಡೋ ಹೊಗೆ ಅಳೆಯೋ ಬದಲು ವಯಸ್ಸು ಎಣಿಸಿದ್ರು. ಇನ್ನೊಂದು ಕಡೆ, 2021ರ ಕೇಂದ್ರ ನಿಯಮದ ಪ್ರಕಾರ ವಿಂಟೇಜ್ ಅನ್ನಿಸಿಕೊಳ್ಳೋಕೆ ಐವತ್ತು ವರ್ಷ ಆಗಬೇಕು. ಅಂದ್ರೆ ಮೊಟ್ಟಮೊದಲ 800ಕ್ಕೂ ಆ ಗೌರವ 2033ಕ್ಕೇ. ನಡುವಿನ ಮೂವತ್ತೈದು ವರ್ಷ ಅದು ಬರೀ ಹಳೇ ಗಾಡಿ.

ದೊಡ್ಡಪ್ಪ ತಮ್ಮದನ್ನು ಕೊಂಡಿದ್ದು 2001ರಲ್ಲಿ. 2016ಕ್ಕೆ ಹದಿನೈದು ತುಂಬಿತು. ಗುಜರಿಯವನು ಬಂದು ತೂಕದ ಲೆಕ್ಕದಲ್ಲಿ ರೇಟ್ ಹೇಳಿದಾಗ ಅವರ ಮುಖ ನೋಡಬೇಕಿತ್ತು. "ಮಗಳ ಮದುವೆಗೆ ಓಡಾಡಿದ ಗಾಡಿ ಕಣೋ" ಅಂದ್ರು, ಅಷ್ಟೇ. ಎನ್‌ಒಸಿ ಮಾಡಿಸಿ, ಲಾರಿ ಮೇಲೆ ಹೇರಿಸಿ ಅರಸೀಕೆರೆಗೆ ಕಳಿಸಿಬಿಟ್ರು. ನಿವೃತ್ತಿ ಆದಮೇಲೆ ತಾವೂ ಹಿಂದೆಯೇ ಹೋದರು.

ಅಲ್ಲಿನ ಮೆಕ್ಯಾನಿಕ್ ಫ್ಲೋರಿಗೆ ತಗಡು ಬೆಸುಗೆ ಹಾಕಿ, ಕ್ಲಚ್ ಬದಲಿಸಿ, ಪೇಂಟ್ ಹೊಡೆದು ಎಬ್ಬಿಸಿದ. ಇದು ಸಾಧ್ಯ ಆಗಿದ್ದಕ್ಕೂ ಕಾರಣ ಇದೆ. 1986ರಲ್ಲಿ ಬಂದ ಬಾಡಿಯ ಮೂಲ ರೂಪ 2014ರ ಜನವರಿಯಲ್ಲಿ ಉತ್ಪಾದನೆ ನಿಲ್ಲೋವರೆಗೂ ಹೆಚ್ಚೇನೂ ಬದಲಾಗಲಿಲ್ಲ. ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ಗಾಡಿ ತಯಾರಾದವು. ಹಾಗಾಗಿ ಪಾರ್ಟ್ಸಿಗೂ ಬರ ಇಲ್ಲ, ಕೈ ಪಳಗಿದ ಮೆಕ್ಯಾನಿಕ್‌ಗಳಿಗೂ ಬರ ಇಲ್ಲ. ಬಾನೆಟ್ ಎತ್ತಿದ್ರೆ ಯಾವುದು ಏನು ಅಂತ ನಮ್ಮಂಥೋರಿಗೂ ಕಾಣುತ್ತೆ, ಲ್ಯಾಪ್‌ಟಾಪ್ ಜೋಡಿಸಬೇಕಿಲ್ಲ.

ಸರೋಜಿನಿ ನಗರದ ಆ ಕ್ವಾರ್ಟರ್ಸ್ ಈಗಿಲ್ಲ, ಮರುನಿರ್ಮಾಣಕ್ಕೆ ಕೆಡವಿದ್ರು. 2018ರಲ್ಲಿ ಅಲ್ಲಿನ ಮರ ಉಳಿಸೋಕೆ ಜನ ಬೀದಿಗಿಳಿದಾಗ ನಾನೂ ಒಂದು ಸಂಜೆ ಹೋಗಿದ್ದೆ. ಕಳೆದ ಸಲ ಊರಿಗೆ ಹೋದಾಗ ದೊಡ್ಡಪ್ಪ ಸ್ಟೇಷನ್ನಿಗೆ ಅದೇ ಕಾರು ತಂದಿದ್ರು. ಹಿಂದಿನ ಗಾಜಿನ ಮೂಲೆಯಲ್ಲಿ ಅವರ ಆಫೀಸಿನ ಹಳೇ ಪಾರ್ಕಿಂಗ್ ಸ್ಟಿಕ್ಕರ್ ಇನ್ನೂ ಇತ್ತು. ಪೇಂಟ್ ಮಾಡೋವಾಗ ಕಿತ್ತುಹಾಕ್ತೀನಿ ಅಂದ ಹುಡುಗನಿಗೆ ಬೈದು ಉಳಿಸಿಕೊಂಡಿದ್ರಂತೆ.