ಬಾಗಿಲು ತೆರೆದ ಸಾಮ್ರಾಜ್ಯಗಳು

ಅಮೆರಿಕದ ಕಾಲೇಜು ಬ್ಯಾಸ್ಕೆಟ್‌ಬಾಲಿನ ರಾಜಮನೆತನಗಳ ಮೂಲವನ್ನು ಅರಸಿ ಹೊರಟವರು ಯಾವ ದಾರಿ ಹಿಡಿದರೂ ಕೊನೆಗೆ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ವಿದ್ಯಾನಗರಿಗೆ ಬಂದು ಸೇರುತ್ತಾರೆ. 1891ರ ಡಿಸೆಂಬರಿನಲ್ಲಿ ಮ್ಯಾಸಚೂಸೆಟ್ಸಿನ ಸ್ಪ್ರಿಂಗ್‌ಫೀಲ್ಡಿನಲ್ಲಿದ್ದ ವೈಎಂಸಿಎ ತರಬೇತಿ ಶಾಲೆಯಲ್ಲಿ ಪೀಚ್ ಹಣ್ಣಿನ ಎರಡು ಬುಟ್ಟಿಗಳನ್ನು ಮೇಲಂತಸ್ತಿನ ಕಟಕಟೆಗೆ ಹೊಡೆದು, 13 ನಿಯಮಗಳನ್ನು ಬರೆದು ಈ ಕ್ರೀಡೆಯನ್ನು ಸೃಷ್ಟಿಸಿದ ಜೇಮ್ಸ್ ನೈಸ್ಮಿತ್ 1898ರಲ್ಲಿ ಲಾರೆನ್ಸಿಗೆ ಬಂದು ಅಲ್ಲಿನ ವಿಶ್ವವಿದ್ಯಾಲಯದ ಪ್ರಥಮ ಕೋಚ್ ಆದರು. ವಿಧಿಯ ವಿನೋದ ನೋಡಿ: ಆ ಪೀಠವನ್ನೇರಿದವರಲ್ಲಿ ಗೆಲುವಿಗಿಂತ ಸೋಲನ್ನೇ ಹೆಚ್ಚು ಕಂಡವರು ಈ ಸೃಷ್ಟಿಕರ್ತರೊಬ್ಬರೇ. ಅವರ ಶಿಷ್ಯ ಫಾಗ್ ಆಲೆನ್ ಆ ಪೀಠವನ್ನು ಸಿಂಹಾಸನವಾಗಿಸಿದರು. ಆಲೆನ್ನರ ಬಳಿ ಪಳಗಿದ ಅಡಾಲ್ಫ್ ರಪ್ ಕೆಂಟಕಿಗೆ ಹೋಗಿ 1930ರಿಂದ 1972ರವರೆಗೆ ಆಳಿ 876 ಪಂದ್ಯಗಳನ್ನು ಗೆದ್ದರು; ಅದೇ ಆಲೆನ್ನರ ತಂಡದಲ್ಲಿ ಆಡಿದ್ದ ಡೀನ್ ಸ್ಮಿತ್ ನಾರ್ತ್ ಕ್ಯಾರೊಲಿನದಲ್ಲಿ 1961ರಿಂದ 1997ರವರೆಗೆ ಪಟ್ಟದಲ್ಲಿದ್ದು 879 ವಿಜಯಗಳೊಂದಿಗೆ ಹಿರಿಯ ಗುರುಬಂಧುವನ್ನು ಮೀರಿಸಿದರು. ಒಂದೇ ಗುರುಪರಂಪರೆಯ ಮೂರು ಕವಲುಗಳು ಮೂರು ಮಹಾಸಂಸ್ಥಾನಗಳಾದವು. ಭಾರತಕ್ಕೆ ಈ ಆಟವನ್ನು ತಂದದ್ದೂ ಅದೇ ವೈಎಂಸಿಎ. ಶಾಲೆಯ ಸಿಮೆಂಟು ಅಂಗಳದಲ್ಲಿ ತುಕ್ಕು ಹಿಡಿದ ರಿಂಗಿಗೆ ಚೆಂಡೆಸೆದು ಬೆಳೆದ ನಾವೂ ದೂರದ ದಾಯಾದಿಗಳೇ ಆದ್ದರಿಂದ ಈ ಚರಿತ್ರೆ ನಮಗೆ ಪರಕೀಯವಲ್ಲ.

ರಾಜ್ಯ ಕಟ್ಟಲು ಸೈನ್ಯ ಬೇಕು. ಹದಿನೇಳು ಹದಿನೆಂಟರ ಆಜಾನುಬಾಹು ಹುಡುಗರನ್ನು ಹೈಸ್ಕೂಲುಗಳಲ್ಲಿ ಗುರುತಿಸಿ, ಅವರ ಮನೆಬಾಗಿಲಿಗೆ ಹೋಗಿ, ತಂದೆತಾಯಿಯರ ಎದುರು ಕುಳಿತು ವಿದ್ಯೆಯ, ಕೀರ್ತಿಯ, ಭವಿಷ್ಯದ ವಾಗ್ದಾನ ಕೊಟ್ಟು ಒಲಿಸಿ ತರುವ ಆ ಕಾರ್ಯಕ್ಕೆ ಅಲ್ಲಿ ರಿಕ್ರೂಟಿಂಗ್ ಎನ್ನುತ್ತಾರೆ. ಪಂದ್ಯಗಳು ನಡೆಯುವುದು ಚಳಿಗಾಲದಲ್ಲಿ. ರಾಜ್ಯಗಳ ಭಾಗ್ಯ ನಿರ್ಧಾರವಾಗುತ್ತಿದ್ದದ್ದು ಆ ಮನೆಗಳ ನಡುಮನೆಯಲ್ಲಿ. ವೃದ್ಧ ಆಲೆನ್ ತಮ್ಮ ಕೊನೆಯ ದಿಗ್ವಿಜಯವಾಗಿ 1955ರಲ್ಲಿ ಫಿಲಡೆಲ್ಫಿಯದ ಓವರ್‌ಬ್ರೂಕ್ ಹೈಸ್ಕೂಲಿನಿಂದ ಏಳಡಿಯ ವಿಲ್ಟ್ ಚೇಂಬರ್ಲೇನ್‌ನನ್ನು ಲಾರೆನ್ಸಿಗೆ ತಂದರು. ಆದರೆ ಮೊದಲ ವರ್ಷದ ವಿದ್ಯಾರ್ಥಿ ಮುಖ್ಯ ತಂಡದಲ್ಲಿ ಆಡಬಾರದೆಂಬುದು ಅಂದಿನ ಕಟ್ಟಳೆ. ಎಪ್ಪತ್ತು ತುಂಬಿದವರು ನಿವೃತ್ತರಾಗಬೇಕೆಂಬುದು ವಿಶ್ವವಿದ್ಯಾಲಯದ ಕಟ್ಟಳೆ. ಹುಡುಗನ ವನವಾಸ ಮುಗಿಯುವಷ್ಟರಲ್ಲಿ ಮುದುಕರ ಅಧಿಕಾರ ಮುಗಿದಿತ್ತು. ತಾವು ಗೆದ್ದು ತಂದ ಮಹಾಯೋಧನನ್ನು ಮುಖ್ಯ ತಂಡದ ಒಂದು ಪಂದ್ಯಕ್ಕೂ ಇಳಿಸದೆ ಆಲೆನ್ ಮನೆಗೆ ಹೋದರು. ಮರುವರ್ಷ, 1957ರ ಫೈನಲ್ಲಿನಲ್ಲಿ, ಕ್ಯಾನ್ಸಸ್ ಎದುರು ನಿಂತದ್ದು ಫ್ರ್ಯಾಂಕ್ ಮೆಗ್ವಾಯರ್ ಅವರ ನಾರ್ತ್ ಕ್ಯಾರೊಲಿನ; ದಕ್ಷಿಣದ ಆ ರಾಜ್ಯದ ಮೊದಲ ಐವರೂ ನ್ಯೂಯಾರ್ಕಿನ ಸುತ್ತಮುತ್ತಲಿಂದ ಹೆಕ್ಕಿ ತಂದ ಹುಡುಗರು. ಆರಂಭದ ಚೆಂಡು ಮೇಲೆ ಹಾರುವಾಗ ಮೆಗ್ವಾಯರ್ ಚೇಂಬರ್ಲೇನ್‌ನ ಎದುರು ನಿಲ್ಲಿಸಿದ್ದು ಐವರಲ್ಲೇ ಗಿಡ್ಡನಾದ, ಆರಡಿಗೂ ಕಡಿಮೆಯಿದ್ದ ಟಾಮಿ ಕರ್ನ್ಸ್‌ನನ್ನು! ಚೆಂಡು ಸಿಗುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿತ್ತು. ದೈತ್ಯನ ಏಕಾಗ್ರತೆಯನ್ನು ಕೆಡಿಸುವುದಷ್ಟೇ ತಂತ್ರ. ಮೂರು ಹೆಚ್ಚುವರಿ ಅವಧಿಗಳ ಬಳಿಕ 54–53ರಲ್ಲಿ ಕ್ಯಾನ್ಸಸ್ ಸೋತಿತು.

ಈ ದಿಗ್ವಿಜಯಗಳಿಗೆ ಒಂದು ಕುರುಡೂ ಇತ್ತು. ದಕ್ಷಿಣದ ಸಂಸ್ಥಾನಗಳು ಕಪ್ಪು ಜನರ ಕೇರಿಗಳಲ್ಲಿ ಯೋಧರನ್ನು ಹುಡುಕಲಿಲ್ಲ. 1966ರ ಫೈನಲ್ಲಿನಲ್ಲಿ ಟೆಕ್ಸಸ್ ವೆಸ್ಟರ್ನ್ ಎಂಬ ಅಷ್ಟೇನೂ ಹೆಸರಿಲ್ಲದ ಕಾಲೇಜಿನ ಕೋಚ್ ಡಾನ್ ಹ್ಯಾಸ್ಕಿನ್ಸ್ ಐವರು ಕಪ್ಪು ಆಟಗಾರರನ್ನು ಅಂಗಳಕ್ಕಿಳಿಸಿ, ರಪ್ ಅವರ ಬಿಳಿಯರಷ್ಟೇ ಇದ್ದ ಕೆಂಟಕಿಯನ್ನು 72–65ರಲ್ಲಿ ಮಣಿಸಿದ ಮೇಲೆಯೇ ಆ ಕಣ್ಣುಗಳು ತೆರೆಯತೊಡಗಿದ್ದು, ಅದೂ ನಿಧಾನವಾಗಿ.

ಅಷ್ಟರಲ್ಲಿ ಪಶ್ಚಿಮ ಸಮುದ್ರತೀರದಲ್ಲಿ ಇವೆಲ್ಲವನ್ನೂ ನುಂಗುವ ಚಕ್ರಾಧಿಪತ್ಯವೊಂದು ಏಳುತ್ತಿತ್ತು. 1948ರಲ್ಲಿ ಲಾಸ್ ಏಂಜಲಿಸ್‌ನ ಯುಸಿಎಲ್‌ಎಗೆ ಬಂದ ಜಾನ್ ವುಡನ್ ಮೊದಲ ಕಿರೀಟಕ್ಕಾಗಿ 1964ರವರೆಗೆ ಕಾದರು. ಆಮೇಲಿನ ಕಥೆಯೇ ಬೇರೆ: ಹನ್ನೆರಡು ವರ್ಷಗಳಲ್ಲಿ 10 ರಾಷ್ಟ್ರಪ್ರಶಸ್ತಿಗಳು, ಸತತ 88 ಪಂದ್ಯಗಳ ಅಜೇಯ ಯಾತ್ರೆ. 1965ರಲ್ಲಿ ನ್ಯೂಯಾರ್ಕಿನ ಪವರ್ ಮೆಮೋರಿಯಲ್ ಶಾಲೆಯ ಲೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಜಗದ್ವಿಖ್ಯಾತನಾದವನು, ಇಡೀ ಖಂಡವನ್ನು ದಾಟಿ ವುಡನ್ನರ ಬಳಿಗೆ ಬಂದ. ಆ ನವೆಂಬರಿನಲ್ಲಿ ಹೊಸ ಕ್ರೀಡಾಮಂದಿರ ಪಾಲಿ ಪೆವಿಲಿಯನ್ನಿನ ಉದ್ಘಾಟನೆಗೆಂದು, ಹಿಂದಿನ ಎರಡು ವರ್ಷಗಳ ಚಾಂಪಿಯನ್ನರಾಗಿದ್ದ ಮುಖ್ಯ ತಂಡ ತನ್ನದೇ ಕಾಲೇಜಿನ ಮೊದಲ ವರ್ಷದ ಹುಡುಗರೊಡನೆ ಸೌಹಾರ್ದ ಪಂದ್ಯವಾಡಿತು. ಹುಡುಗರು 75–60ರಲ್ಲಿ ಗೆದ್ದರು. ಆಲ್ಸಿಂಡರ್ ಒಬ್ಬನದೇ 31 ಅಂಕ. ಕಟ್ಟಳೆಯ ಬಂಧನ ಕಳಚಿದ ಮೇಲೆ 1967, 1968, 1969 — ಮೂರೂ ವರ್ಷಗಳ ಕಿರೀಟ ಅವನ ತಂಡದ್ದು. ವುಡನ್ನರ ಶೀಲ ಇಂದಿಗೂ ಪ್ರಾತಃಸ್ಮರಣೀಯ. ಆದರೂ ಅವರ ಆಟಗಾರರ ಸುತ್ತ ಸ್ಯಾಮ್ ಗಿಲ್ಬರ್ಟ್ ಎಂಬ ಶ್ರೀಮಂತ ಪೋಷಕರ ಉದಾರ ಹಸ್ತ ಸುಳಿದಾಡುತ್ತಿತ್ತೆಂಬುದನ್ನೂ ಚರಿತ್ರೆ ದಾಖಲಿಸಿದೆ. ಹಣ ನಿನ್ನೆ ಮೊನ್ನೆ ಬಂದದ್ದೆಂದು ನಂಬುವ ಅಭಿಮಾನಿಗಳು ಇದನ್ನು ಮರೆಯಬಾರದು. 1973ರಲ್ಲಿ ಒಂದೂ ಪಂದ್ಯ ಸೋಲದ ನಾರ್ತ್ ಕ್ಯಾರೊಲಿನ ಸ್ಟೇಟ್ ತಂಡಕ್ಕೆ, ರಿಕ್ರೂಟಿಂಗ್ ನಿಯಮ ಮುರಿದ ಶಿಕ್ಷೆಯಿಂದಾಗಿ ಚಾಂಪಿಯನ್‌ಶಿಪ್ಪಿನ ಹೊಸ್ತಿಲನ್ನೂ ತುಳಿಯಲಾಗಲಿಲ್ಲ. ಮರುವರ್ಷ ವುಡನ್ನರನ್ನು ಸೆಮಿಫೈನಲ್ಲಿನಲ್ಲಿ ಕೆಡವಿ ಕಿರೀಟ ಹೊತ್ತದ್ದೂ ಅದೇ ತಂಡ.

ಇಷ್ಟೆಲ್ಲ ವೈಭವದ ಬುಡದಲ್ಲಿ ಒಂದು ಕಬ್ಬಿಣದ ಕಾನೂನಿತ್ತು. ಒಮ್ಮೆ ಸೇರಿದ ಹುಡುಗ ಬೇರೆ ಕಾಲೇಜಿಗೆ ಹೋಗಬಯಸಿದರೆ ಹಳೆಯ ಕಾಲೇಜು ಒಪ್ಪಿಗೆ ಕೊಡಬೇಕು. ಕೊಡದಿದ್ದರೆ ಹೊಸ ಕಡೆ ಸ್ಕಾಲರ್‌ಶಿಪ್ ಇಲ್ಲ. ಕೊಟ್ಟರೂ ಒಂದು ವರ್ಷ ಪಂದ್ಯಗಳಿಂದ ಹೊರಗೆ ಬೆಂಚಿನ ಮೇಲೆ ತಪಸ್ಸು. ಇಂಡಿಯಾನದ ಫ್ರೆಂಚ್ ಲಿಕ್ ಎಂಬ ಹಳ್ಳಿಯ ಲ್ಯಾರಿ ಬರ್ಡ್ 1974ರಲ್ಲಿ ಬಾಬ್ ನೈಟ್ ಅವರ ಇಂಡಿಯಾನ ವಿಶ್ವವಿದ್ಯಾಲಯಕ್ಕೆ ಸೇರಿ, ಆ ಜನಸಾಗರಕ್ಕೆ ಬೆದರಿ ತಿಂಗಳೊಳಗೆ ಊರಿಗೆ ಮರಳಿದರು. ಪಟ್ಟಣ ಪಂಚಾಯತಿಯ ಕಸದ ಲಾರಿಯಲ್ಲಿ ದುಡಿದರು. ಬಳಿಕ ಇಂಡಿಯಾನ ಸ್ಟೇಟ್ ಸೇರಿ, ಒಂದು ಋತುವನ್ನು ಹೊರಗೆ ಕುಳಿತೇ ಕಳೆದು, 1979ರಲ್ಲಿ ಆ ಸಾಮಾನ್ಯ ಕಾಲೇಜನ್ನು ಮ್ಯಾಜಿಕ್ ಜಾನ್ಸನ್ ಎದುರಿನ ಫೈನಲ್ಲಿಗೆ ಒಯ್ದರು. ಹುಡುಗರಿಗೆ ಹೀಗೆ ಬೇಲಿ ಹಾಕಿದ್ದ ಆ ಯುಗದಲ್ಲಿ ಕೋಚುಗಳಿಗೆ ಯಾವ ಬೇಲಿಯೂ ಇರಲಿಲ್ಲ. ರಾಯ್ ವಿಲಿಯಮ್ಸ್ 2003ರಲ್ಲಿ ಕ್ಯಾನ್ಸಸ್ ಬಿಟ್ಟು ನಾರ್ತ್ ಕ್ಯಾರೊಲಿನಕ್ಕೆ ಹೋದರು. ಜಾನ್ ಕ್ಯಾಲಿಪಾರಿ 2009ರಲ್ಲಿ ಮೆಂಫಿಸ್ ಬಿಟ್ಟು ಕೆಂಟಕಿಗೆ ಹೋದರು. ಮರುದಿನದಿಂದಲೇ ಹೊಸ ಪಟ್ಟ, ಹೊಸ ಸಂಬಳ. ದಂಡನಾಯಕ ನಡುರಾತ್ರಿ ಪಾಳೆಯ ಬದಲಿಸಿದರೆ ಅದು ಮಹತ್ವಾಕಾಂಕ್ಷೆ, ಕಾಲಾಳು ಬದಲಿಸಿದರೆ ದ್ರೋಹ ಎನ್ನುವ ನ್ಯಾಯವನ್ನು ಅರ್ಧ ಶತಮಾನ ಯಾರೂ ಗಟ್ಟಿಯಾಗಿ ಪ್ರಶ್ನಿಸಲಿಲ್ಲ.

ಪ್ರಶ್ನಿಸಿದ್ದು ನ್ಯಾಯಾಲಯಗಳು. 1995ರಲ್ಲಿ ಯುಸಿಎಲ್‌ಎಗೆ ಕಿರೀಟ ಗೆದ್ದುಕೊಟ್ಟಿದ್ದ ಎಡ್ ಒಬ್ಯಾನನ್, ವರ್ಷಗಳ ನಂತರ ವಿಡಿಯೊ ಗೇಮೊಂದರಲ್ಲಿ ತಮ್ಮದೇ ಪ್ರತಿರೂಪ ಓಡಾಡುವುದನ್ನು ಕಂಡರು. ಅದಕ್ಕಾಗಿ ತಮಗೆ ಬಿಡಿಗಾಸೂ ಬಂದಿರಲಿಲ್ಲ. 2009ರಲ್ಲಿ ಅವರು ಕಾಲೇಜು ಕ್ರೀಡೆಗಳ ಅಧಿಪತಿಯಾದ ಎನ್‌ಸಿಎಎ ವಿರುದ್ಧ ಹೂಡಿದ ದಾವೆಯೇ ಕೋಟೆಗೆ ಬಿದ್ದ ಮೊದಲ ಬಿರುಕು. 2018ರ ಅಕ್ಟೋಬರಿನಲ್ಲಿ ಟ್ರಾನ್ಸ್‌ಫರ್ ಪೋರ್ಟಲ್ ಎಂಬ ಗಣಕಪಟ್ಟಿ ಬಂತು. ನೋಡಲು ಅದೊಂದು ಸಾಧಾರಣ ದಫ್ತರ: ಆಟಗಾರ ತನ್ನ ಕಾಲೇಜಿನ ಕಚೇರಿಗೆ ಬರೆದು ತಿಳಿಸಿದರೆ, ಎರಡು ಕೆಲಸದ ದಿನಗಳೊಳಗೆ ಅವನ ಹೆಸರನ್ನು ಪಟ್ಟಿಗೇರಿಸಲೇಬೇಕು, ಆಮೇಲೆ ಯಾವ ಕೋಚ್ ಬೇಕಾದರೂ ಮಾತಾಡಿಸಬಹುದು. ಒಪ್ಪಿಗೆ ಕೇಳುವ ಮಾತೇ ಇಲ್ಲ. ಸಾಮ್ರಾಜ್ಯಗಳನ್ನು ಉರುಳಿಸಿದ ಶಾಸನಗಳು ಎಷ್ಟೋ ಸಲ ಹೀಗೆ ಗುಮಾಸ್ತರ ಭಾಷೆಯಲ್ಲೇ ಇರುತ್ತವೆ. 2021ರ ಏಪ್ರಿಲಿನಲ್ಲಿ ಒಂದು ಸಲದ ವರ್ಗಾವಣೆಗೆ ಬೆಂಚಿನ ತಪಸ್ಸು ರದ್ದಾಯಿತು. ಜೂನಿನಲ್ಲಿ ಸುಪ್ರೀಂ ಕೋರ್ಟು ಆಲ್ಸ್ಟನ್ ಪ್ರಕರಣದಲ್ಲಿ 9–0 ತೀರ್ಪಿನಿಂದ ವಿದ್ಯಾಭ್ಯಾಸ ಸಂಬಂಧಿ ಸವಲತ್ತುಗಳ ಮೇಲಿನ ಮಿತಿಯನ್ನು ಮುರಿಯಿತು. ಜುಲೈ 1ರಿಂದ ಆಟಗಾರರು ತಮ್ಮ ಹೆಸರು ಮತ್ತು ಮುಖದಿಂದ ಸಂಪಾದಿಸಬಹುದಾಯಿತು. 2023ರ ಡಿಸೆಂಬರಿನಲ್ಲಿ ವೆಸ್ಟ್ ವರ್ಜೀನಿಯದ ಫೆಡರಲ್ ನ್ಯಾಯಾಲಯ ಉಳಿದ ಬೇಲಿಯನ್ನೂ ತಡೆಹಿಡಿಯಿತು. ಮರು ಏಪ್ರಿಲಿನೊಳಗೆ, ಓದಿನಲ್ಲಿ ಹಿಂದೆ ಬೀಳದವರು ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಬಹುದೆಂದಾಯಿತು. 2025ರ ಜೂನಿನಲ್ಲಿ ನ್ಯಾಯಾಲಯ ಅನುಮೋದಿಸಿದ ರಾಜಿ ಒಪ್ಪಂದ ಕಾಲೇಜುಗಳೇ ಆಟಗಾರರಿಗೆ ನೇರವಾಗಿ ಹಣ ಹಂಚಲು ಅನುಮತಿಸಿತು: ಮೊದಲ ವರ್ಷ ಒಂದೊಂದು ಸಂಸ್ಥೆಗೆ ಸುಮಾರು 2 ಕೋಟಿ 5 ಲಕ್ಷ ಡಾಲರಿನವರೆಗೆ.

ಈ ಪರ್ವದಲ್ಲಿ ಮೊದಲು ನರಳಿದ್ದು ಚಿಕ್ಕ ಪಾಳೆಯಪಟ್ಟುಗಳು. ಜರ್ಸಿ ಸಿಟಿಯ ಸೇಂಟ್ ಪೀಟರ್ಸ್ ಎಂಬ ಬಡ ಕಾಲೇಜು 2022ರ ವಸಂತದಲ್ಲಿ ಕೆಂಟಕಿಯನ್ನು 85–79ರಲ್ಲಿ ಸೋಲಿಸಿ, ಮರ್ರೆ ಸ್ಟೇಟ್ ಮತ್ತು ಪರ್ಡ್ಯೂಗಳನ್ನೂ ದಾಟಿ, 15ನೇ ಶ್ರೇಯಾಂಕದ ತಂಡವೊಂದು ಎಂದೂ ತಲುಪದ ಕೊನೆಯ ಎಂಟರ ಘಟ್ಟವನ್ನು ತಲುಪಿತು. ಕೋಚ್ ಶಹೀನ್ ಹಾಲೊವೇ ಕೆಲವೇ ದಿನಗಳಲ್ಲಿ ಸೀಟನ್ ಹಾಲಿಗೆ ಹೋದರು. ಆಟಗಾರರಲ್ಲಿ ಪ್ರಮುಖರೂ ಒಬ್ಬೊಬ್ಬರಾಗಿ ಬೇರೆ ಬೇರೆ ಕಾಲೇಜುಗಳಿಗೆ ಚದುರಿದರು. ಅದೇ ವಸಂತದಲ್ಲಿ ಕ್ಯಾನ್ಸಸ್ ಸ್ಟೇಟ್ ಬಿಟ್ಟ ನೈಜಲ್ ಪ್ಯಾಕ್ ಮಯಾಮಿ ಸೇರಿದಾಗ ಪೋಷಕ ಉದ್ಯಮಿಯೊಬ್ಬರು ಎರಡು ವರ್ಷಕ್ಕೆ 8 ಲಕ್ಷ ಡಾಲರೆಂದು ಬಹಿರಂಗವಾಗಿಯೇ ಸಾರಿದರು. ಹಿಂದೆ ಕತ್ತಲಲ್ಲಿ ಕೈ ಬದಲಾಗುತ್ತಿದ್ದದ್ದು ಈಗ ಡಂಗುರದೊಡನೆ ಬದಲಾಗತೊಡಗಿತು. ಮಯಾಮಿ ಮರುವರ್ಷ ಕೊನೆಯ ನಾಲ್ಕರ ಘಟ್ಟ ಮುಟ್ಟಿತು. ಅಲ್ಲಿಗೆ ಕರೆದೊಯ್ದ ಕೋಚ್ ಜಿಮ್ ಲರನಾಗಾ ಮಾತ್ರ 2024ರ ಡಿಸೆಂಬರಿನಲ್ಲಿ, ಋತುವಿನ ನಡುವೆಯೇ, ದಣಿದು ಪದತ್ಯಾಗ ಮಾಡಿದರು. ವರ್ಜೀನಿಯದ ಟೋನಿ ಬೆನೆಟ್ ಅದಕ್ಕೂ ಮೊದಲೇ, ಅದೇ ಅಕ್ಟೋಬರಿನಲ್ಲಿ, ಶಸ್ತ್ರಸಂನ್ಯಾಸ ತೊಟ್ಟಿದ್ದರು.

ಅಭಿಮಾನಿಗಳ ವಾಗ್ಯುದ್ಧವನ್ನು ಅದರ ಪೂರ್ಣ ರೌದ್ರದಲ್ಲಿ ಕೇಳಬೇಕಾದರೆ ಕೆಂಟಕಿಯ ಲೆಕ್ಸಿಂಗ್ಟನ್ನಿಗೇ ಹೋಗಬೇಕು. ಅಲ್ಲಿನ ಹಿರಿಯರು 1992ರ ನಾಲ್ವರ ಹೆಸರನ್ನು ಮಂತ್ರದಂತೆ ಹೇಳುತ್ತಾರೆ: ಫಾರ್ಮರ್, ಫೆಲ್ಡ್‌ಹೌಸ್, ಪೆಲ್ಫ್ರಿ, ವುಡ್ಸ್. 1989ರಲ್ಲಿ ರಿಕ್ರೂಟಿಂಗ್ ಅಕ್ರಮಗಳಿಗಾಗಿ ಕೆಂಟಕಿಗೆ ದಂಡನೆಯಾಗಿ, ಜೊತೆಗಾರರು ಬೇರೆ ಕಾಲೇಜುಗಳನ್ನು ಹುಡುಕಿಕೊಂಡು ಹೋದಾಗ ಇವರು ಉಳಿದರು. ಕೊನೆಗೆ ಡ್ಯೂಕ್ ಎದುರು ಕ್ರಿಶ್ಚಿಯನ್ ಲೇಟ್ನರ್ ಅಂತಿಮ ಕ್ಷಣದಲ್ಲಿ ಎಸೆದ ಚೆಂಡಿನಿಂದ 104–103ರಲ್ಲಿ ಸೋತರು. ಸೋತವರ ಜರ್ಸಿಗಳನ್ನೇ ರಪ್ ಅರೀನಾದ ಮಾಡಿಗೆ ಏರಿಸಲಾಯಿತು. ‘ಅಂಥ ಹುಡುಗರು ಈಗೆಲ್ಲಿ? ವರ್ಷಕ್ಕೊಂದು ತಂಡ, ಹೆಸರು ಕಲಿಯುವಷ್ಟರಲ್ಲಿ ಹೋಗಿಬಿಡುತ್ತಾರೆ’ ಎಂಬುದು ಹಿರಿಯರ ಅಳಲು. ಕಿರಿಯರ ಉತ್ತರವೂ ಹರಿತ: ಕ್ಯಾಲಿಪಾರಿ ವರ್ಷವರ್ಷವೂ ತಂದ, ಒಂದೇ ಋತು ಆಡಿ ಎನ್‌ಬಿಎಗೆ ಹಾರಿದ ಹೈಸ್ಕೂಲು ತಾರೆಗಳ ಹೆಸರನ್ನಾದರೂ ನಾವು ಕಲಿತಿದ್ದೆವೇ? 2012ರ ಕಿರೀಟದ ನಂತರ ಅವರಿಂದ ಇನ್ನೊಂದು ಬಂತೇ? 2024ರಲ್ಲಿ ಓಕ್ಲೆಂಡ್ ಎಂಬ ಸಣ್ಣ ಕಾಲೇಜು ಇದೇ ಕೆಂಟಕಿಯನ್ನು 80–76ರಲ್ಲಿ ಉರುಳಿಸಿದಾಗ 10 ಸಲ ಮೂರಂಕದ ಎಸೆತ ಹಾಕಿದ ಜ್ಯಾಕ್ ಗೋಲ್ಕಿ, ಎರಡನೇ ದರ್ಜೆಯ ಕಾಲೇಜಿನಿಂದ ವರ್ಗವಾಗಿ ಬಂದ ಪಳಗಿದ ಆಟಗಾರನಲ್ಲವೇ? ಹೈಸ್ಕೂಲಿನ ಐದು ನಕ್ಷತ್ರದ ಮಗುವಿಗಿಂತ ನಾಲ್ಕು ಚಳಿಗಾಲ ಕಂಡ ಗಡ್ಡದವನೇ ಮೇಲು ಎಂಬುದು ಅವರ ಸಿದ್ಧಾಂತ.

ಹಿರಿಯರ ದುಃಖ ನನಗೆ ಅರ್ಥವಾಗುತ್ತದೆ; ವಾದವನ್ನು ಒಪ್ಪಲಾರೆ. 1992ರ ನಾಲ್ವರ ಕೀರ್ತಿ ಇಷ್ಟು ಉಜ್ವಲವಾಗಿರುವುದು ಅವರಿಗೂ ಹೋಗುವ ದಾರಿಯಿತ್ತು, ಸಂಗಾತಿಗಳು ಹೋಗಿಯೂ ಇದ್ದರು ಎಂಬುದರಿಂದಲ್ಲವೇ? ಬೀಗ ಹಾಕಿ ಉಳಿಸಿಕೊಂಡವರ ಜರ್ಸಿಯನ್ನು ಯಾರೂ ಮಾಡಿಗೆ ಏರಿಸುವುದಿಲ್ಲ. ವಿಧಿಯ ವ್ಯಂಗ್ಯವನ್ನು ನೋಡಿ: ಓಕ್ಲೆಂಡಿನ ಸೋಲಿನ ಬಳಿಕ ಕ್ಯಾಲಿಪಾರಿ ಆರ್ಕನ್ಸಾಗೆ ತೆರಳಿ, ಕೆಂಟಕಿಯ ಗದ್ದುಗೆಗೆ 1996ರ ಚಾಂಪಿಯನ್ ತಂಡದ ನಾಯಕ ಮಾರ್ಕ್ ಪೋಪ್ ಬಂದಾಗ, ಸ್ಕಾಲರ್‌ಶಿಪ್ ಪಡೆದ ಹಳೆಯ ಆಟಗಾರನೊಬ್ಬನೂ ಹೊಸ ಋತುವಿಗೆ ಉಳಿಯಲಿಲ್ಲ. ರಪ್ ಅವರ ಸಂಸ್ಥಾನದ ದಂಡು ಸೊನ್ನೆಯಿಂದ ಕಟ್ಟಲ್ಪಟ್ಟು, 2025ರಲ್ಲಿ ಕೊನೆಯ 16ರ ಘಟ್ಟ ತಲುಪಿತು. ಹಿರಿಯರು ನಮ್ಮವನೆಂದು ಎದೆಗಪ್ಪಿಕೊಂಡ ಆ ಪೋಪ್ ಕೂಡ ವಾಷಿಂಗ್ಟನ್ ವಿಶ್ವವಿದ್ಯಾಲಯ ಬಿಟ್ಟು ಕೆಂಟಕಿಗೆ ವರ್ಗವಾಗಿ ಬಂದಿದ್ದವರೇ.

2025ರ ಏಪ್ರಿಲ್ 7ರಂದು ಸ್ಯಾನ್ ಆಂಟೋನಿಯೊದಲ್ಲಿ ಫ್ಲೋರಿಡಾ ಮತ್ತು ಹ್ಯೂಸ್ಟನ್ ಎದುರಾದವು. ಹ್ಯೂಸ್ಟನ್ನಿನಲ್ಲಿ 2019ರಿಂದ ಒಂದೇ ಧ್ವಜದಡಿ ನಿಂತ ಜೆವಾನ್ ರಾಬರ್ಟ್ಸ್ ಇದ್ದರು. ಅದೇ ತಂಡದಲ್ಲಿ ಬೇಲರ್‌ನಿಂದ, ಒಕ್ಲಹೋಮದಿಂದ ಬಂದವರೂ ಇದ್ದರು. ಫ್ಲೋರಿಡಾದ ವಾಲ್ಟರ್ ಕ್ಲೇಟನ್ ಐಯೋನಾ ಕಾಲೇಜಿನಿಂದ, ವಿಲ್ ರಿಚರ್ಡ್ ಬೆಲ್ಮಾಂಟಿನಿಂದ ಬಂದವರು. ಅಲೈಜಾ ಮಾರ್ಟಿನ್ 2023ರಲ್ಲಿ ಫ್ಲೋರಿಡಾ ಅಟ್ಲಾಂಟಿಕ್ ಪರವಾಗಿ ಸೆಮಿಫೈನಲ್ಲಿನ ಕೊನೆಯ ಎಸೆತದಲ್ಲಿ ಒಂದೇ ಅಂಕದಿಂದ ಸೋತವರು. ಒಂದು ಹಂತದಲ್ಲಿ 12 ಅಂಕ ಹಿಂದಿದ್ದ ಫ್ಲೋರಿಡಾ 65–63ರಲ್ಲಿ ಗೆದ್ದಿತು. ಮೊದಲಾರ್ಧದಲ್ಲಿ ಒಂದಂಕವನ್ನೂ ಗಳಿಸದ ಕ್ಲೇಟನ್, ಕೊನೆಯ ಸೆಕೆಂಡುಗಳಲ್ಲಿ ಎದುರಾಳಿ ಎಮಾನ್ಯುಯಲ್ ಶಾರ್ಪ್ ಎಸೆತಕ್ಕೆ ಜಿಗಿದಾಗ ಓಡಿಬಂದು ಎದುರು ನಿಂತರು. ಶಾರ್ಪ್ ಗಾಳಿಯಲ್ಲೇ ಚೆಂಡನ್ನು ಕೈಬಿಡಬೇಕಾಯಿತು, ಮುಟ್ಟಿದರೆ ತಪ್ಪಾಗುವುದೆಂದು ಅದು ನೆಲದಲ್ಲಿ ಪುಟಿಯುವುದನ್ನು ನೋಡುತ್ತ ನಿಂತರು. ಪೋರ್ಟಲ್ ತೆರೆದು ಆಗಲೇ ಎರಡು ವಾರವಾಗಿತ್ತು; ಆ ವಸಂತದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹೆಸರುಗಳು ಪಟ್ಟಿಗೇರಿದವು. ಫ್ಲೋರಿಡಾದ ಮುಂದಿನ ದಂಡಿಗೆ ಪ್ರಿನ್ಸ್‌ಟನ್ನಿನಿಂದ ಜೇವಿಯನ್ ಲೀ ಬಂದರು. ಮೊದಲು ಕೆಂಟಕಿಗೆ ಮಾತು ಕೊಟ್ಟು, ಕ್ಯಾಲಿಪಾರಿಯ ಬೆನ್ನುಹತ್ತಿ ಆರ್ಕನ್ಸಾಗೆ ಹೋಗಿದ್ದ ಬೂಗಿ ಫ್ಲ್ಯಾಂಡ್ ಕೂಡ ಬಂದರು. ಫ್ಲೋರಿಡಾ ತಂಡದ ಊರಾದ ಗೇನ್ಸ್‌ವಿಲ್ಲಿನ ಅಭಿಮಾನಿಗಳು ಅವರನ್ನು ಜಯಘೋಷದಿಂದ ಬರಮಾಡಿಕೊಂಡರೆ, ಲೆಕ್ಸಿಂಗ್ಟನ್ನಿನಲ್ಲಿ ಆ ಹುಡುಗ ಯಾರಿಗೆ ಸೇರಬೇಕಾಗಿತ್ತೆಂಬ ಜಗಳ ಹೊಸದಾಗಿ ಆರಂಭವಾಯಿತು.