ಕಣ್ಣೂರಿನ ನಾಲ್ಕು ತಿಂಗಳು

ನಮ್ಮ ಮನೆಯ ಜಗಲಿಯಲ್ಲಿ ಒಂದು ಮೊರ ಯಾವಾಗಲೂ ಇರುತ್ತಿತ್ತು. ಅದರಲ್ಲಿ ಹೊಗೆಸೊಪ್ಪಿನ ಪುಡಿ, ಕತ್ತರಿಸಿದ ಬೀಡಿ ಎಲೆಗಳ ಕಟ್ಟು, ಒಂದು ಉಂಡೆ ನೂಲು. ಬಂಟ್ವಾಳ ತಾಲೂಕಿನ ನಮ್ಮೂರಲ್ಲಿ ಮೊರ ಇಲ್ಲದ ಜಗಲಿ ಹುಡುಕಬೇಕಿತ್ತು. ಅಜ್ಜಿ ಬೀಡಿ ಕಟ್ಟುತ್ತಿದ್ದರು, ಅಮ್ಮನೂ ಕಟ್ಟುತ್ತಿದ್ದರು. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮನ ಬೀಡಿ ಕಾರ್ಮಿಕರ ಗುರುತುಚೀಟಿಯ ಮೇಲೆ ವರ್ಷಕ್ಕೊಮ್ಮೆ ವಿದ್ಯಾರ್ಥಿವೇತನ ಬರುತ್ತಿತ್ತು. ಆ ಚೀಟಿಯ ಹಿಂದೆ ಯಾವ ಕಾನೂನಿದೆ, ಅದಕ್ಕಾಗಿ ಯಾರು ಜಗಳಾಡಿದರು ಎಂದು ಆಗ ಕೇಳಿಕೊಂಡವಳಲ್ಲ. ಈಗ ಕರಾವಳಿಯ ಕೂಲಿ ದುಡಿಮೆಯ ಚರಿತ್ರೆಯನ್ನೇ ಓದುತ್ತಾ ಕುಳಿತಿರುವಾಗ ಗಡಿಯಾಚೆಯ ಕಣ್ಣೂರಿನ ಒಂದು ಪ್ರಸಂಗ ಎದುರಾಯಿತು. ಅದರ ಅರ್ಧ ಭಾಗ ನಮ್ಮ ಜಗಲಿಯಲ್ಲೇ ಇತ್ತು.

ಸರ್ಕಾರವೊಂದು ತನ್ನನ್ನು ಗೆಲ್ಲಿಸಿದ ದುಡಿಯುವ ಜನರಿಗೆ ಮೋಸ ಮಾಡಿದ ಕಥೆಗಳು ನಮಗೆ ಬೇಕಾದಷ್ಟು ಗೊತ್ತು. ಚುನಾವಣೆ ಮುಗಿದು ಆರು ತಿಂಗಳಾಗುವಷ್ಟರಲ್ಲಿ ಅಂಥದ್ದೊಂದು ಬರೆಯಲು ಸಿಗುತ್ತದೆ. ಕಣ್ಣೂರಿನದು ಅದಲ್ಲ. ಅಲ್ಲಿ ಸರ್ಕಾರ ತನ್ನ ಮತದಾರರು ಬಹುಕಾಲದಿಂದ ಕೇಳುತ್ತಿದ್ದುದನ್ನೇ ಮಾಡಿತು. ಮಾಡಿದ ಕೂಡಲೇ ಅವರು ಬೀದಿಗೆ ಬಿದ್ದರು.

1967ರ ಮಾರ್ಚಿನಲ್ಲಿ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಎರಡನೆಯ ಸಲ ಮುಖ್ಯಮಂತ್ರಿಯಾದರು. 133 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ ಸಿಕ್ಕಿದ್ದು 9, ಸಿಪಿಎಂಗೆ 52. ಏಳು ಪಕ್ಷಗಳ ಕೂಟ ಅದು; ಒಳಗೆ ಸಿಪಿಎಂ ಮತ್ತು ಸಿಪಿಐ ಒಂದನ್ನೊಂದು ಕೆಂಗಣ್ಣಿನಿಂದ ನೋಡುತ್ತಲೇ ಒಂದೇ ಸಂಪುಟದಲ್ಲಿ ಕೂತಿದ್ದವು. ಮಲಬಾರಿನ ಉತ್ತರ ಭಾಗದಲ್ಲಿ, ವಿಶೇಷವಾಗಿ ಕಣ್ಣೂರಿನಲ್ಲಿ, ಈ ಗೆಲುವಿನ ಬೇರು ಕೈಮಗ್ಗದ ಶೆಡ್ಡುಗಳಲ್ಲಿ ಮತ್ತು ಬೀಡಿ ಶೆಡ್ಡುಗಳಲ್ಲಿತ್ತು.

ಬೀಡಿ ಶೆಡ್ಡಿನ ಬಗ್ಗೆ ಸ್ವಲ್ಪ ಹೇಳಬೇಕು, ಯಾಕೆಂದರೆ ನಮ್ಮ ಕಡೆಯ ಬೀಡಿಯನ್ನು ಮಾತ್ರ ಕಂಡವರಿಗೆ ಅದು ಬೇರೆಯೇ ಲೋಕ. ಅಲ್ಲಿ ಗಂಡಸರು ಸಾಲಾಗಿ ಕುಳಿತು ಬೀಡಿ ಸುತ್ತುತ್ತಿದ್ದರು. ಸುತ್ತುವುದಕ್ಕೆ ಕೈ ಬೇಕು, ಕಣ್ಣು ಬೇಕು, ಕಿವಿ ಬೇಡ. ಹಾಗಾಗಿ ಒಬ್ಬ ಎದ್ದು ಪತ್ರಿಕೆ ಓದುತ್ತಿದ್ದ, ಕಾದಂಬರಿ ಓದುತ್ತಿದ್ದ. ಓದುವಷ್ಟು ಹೊತ್ತು ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತಿಕೊಡುತ್ತಿದ್ದರು. ಓದಿದ್ದರ ಮೇಲೆ ಚರ್ಚೆ, ಚರ್ಚೆಯಿಂದ ಜಗಳ, ಜಗಳದಿಂದ ಸಂಘ. ಶಾಲೆಯ ಮೆಟ್ಟಿಲು ಸರಿಯಾಗಿ ಹತ್ತದವರು ಕೊರಿಯಾ ಯುದ್ಧದ ಬಗ್ಗೆ ಮಾತಾಡಬಲ್ಲವರಾಗಿದ್ದರೆ ಅದಕ್ಕೆ ಈ ಏರ್ಪಾಡೇ ಕಾರಣ. ಸಂಶೋಧನಾ ವಿದ್ಯಾರ್ಥಿಯಾಗಿ ನನಗೆ ಈ ಪದ್ಧತಿಯ ಮೇಲೆ ಸಣ್ಣ ಹೊಟ್ಟೆಕಿಚ್ಚೂ ಇದೆ. ನನ್ನ ಪಾಲಿನ ಕೆಲಸ ಮಾಡಿಕೊಟ್ಟು ಓದು ಎಂದವರು ಯಾರೂ ಇಲ್ಲ.

ಇವರ ಬೇಡಿಕೆ ಹೊಸದೇನಲ್ಲ. ಬೀಡಿ ಉದ್ಯಮದಲ್ಲಿ ಮಾಲೀಕ ಯಾರು ಎಂದು ತೋರಿಸುವುದೇ ಕಷ್ಟವಿತ್ತು. ಬ್ರ್ಯಾಂಡು ಒಬ್ಬನದು, ಎಲೆ ಮತ್ತು ಹೊಗೆಸೊಪ್ಪು ತಂದುಕೊಡುವವನು ಕಂಟ್ರಾಕ್ಟುದಾರ, ಸುತ್ತುವವನು ಮೂರನೆಯವನು. ಕೂಲಿ ಕಡಿಮೆಯಾಯಿತೆಂದು ಕಂಟ್ರಾಕ್ಟುದಾರನನ್ನು ಕೇಳಿದರೆ ಅವನು ಕಂಪನಿಯತ್ತ ಬೆರಳು ತೋರಿಸುತ್ತಿದ್ದ. ಕಂಪನಿಯನ್ನು ಕೇಳಿದರೆ ನೀವು ನಮ್ಮ ನೌಕರರೇ ಅಲ್ಲ ಎನ್ನುತ್ತಿತ್ತು. ಇದನ್ನು ಸರಿಪಡಿಸುವ ಕಾನೂನು ಬೇಕೆಂದು ಲೋಕಸಭೆಯಲ್ಲಿ ಖಾಸಗಿ ಮಸೂದೆ ತಂದವರು ಎ.ಕೆ. ಗೋಪಾಲನ್. ಅವರ ಕ್ಷೇತ್ರ ಆಗ ಕಾಸರಗೋಡು, 1956ರವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ನೆಲ. ಕೊನೆಗೆ 1966ರಲ್ಲಿ ಕಾಂಗ್ರೆಸ್ ಬಹುಮತದ ಸಂಸತ್ತೇ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯನ್ನು ಅಂಗೀಕರಿಸಿತು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ವಾರದ ರಜೆ, ಸಂಬಳಸಹಿತ ರಜೆ ಕೊಡಬೇಕು. ಕೆಲಸದ ಜಾಗಕ್ಕೆ ಲೈಸೆನ್ಸ್ ಬೇಕು. ಕಂಟ್ರಾಕ್ಟುದಾರನ ಹಿಂದೆ ನಿಂತ ಕಂಪನಿಯೂ ಹೊಣೆ ಹೊರಬೇಕು. ಕಾಗದದ ಮೇಲೆ ಒಳ್ಳೆಯ ಕಾನೂನು.

ಅದರ ಮೊದಲ ಕಲಮಿನಲ್ಲೇ ಒಂದು ಸಣ್ಣ ಮಾತಿತ್ತು. ಈ ಕಾಯ್ದೆ ಆಯಾ ರಾಜ್ಯದಲ್ಲಿ ಆಯಾ ರಾಜ್ಯ ಸರ್ಕಾರ ಗೊತ್ತುಪಡಿಸುವ ದಿನದಿಂದ ಜಾರಿಗೆ ಬರತಕ್ಕದ್ದು. ಕಾನೂನು ಇಡೀ ದೇಶದ್ದು, ದಿನಾಂಕ ಮಾತ್ರ ರಾಜ್ಯದ್ದು. ಕರಡು ಬರೆದವರಿಗೆ ಇದು ಆಡಳಿತದ ಅನುಕೂಲವಾಗಿ ಕಂಡಿರಬೇಕು. ನನಗಂತೂ ಈ ಇಡೀ ಪ್ರಸಂಗದ ಗುಟ್ಟು ಆ ಒಂದು ವಾಕ್ಯದಲ್ಲಿದೆ ಅನ್ನಿಸುತ್ತದೆ.

ಕೇರಳ ತನ್ನ ದಿನಾಂಕ ಗೊತ್ತುಪಡಿಸಿತು. 1968ರ ಅಕ್ಟೋಬರಿನಲ್ಲಿ ಕಾಯ್ದೆ ಅಲ್ಲಿ ಜಾರಿಯಾಯಿತು. ಆಗ ಕಣ್ಣೂರಿನಲ್ಲಿ ಅತಿ ಹೆಚ್ಚು ಜನರಿಗೆ ಬೀಡಿ ಕೆಲಸ ಕೊಡುತ್ತಿದ್ದುದು ಮಂಗಳೂರು ಗಣೇಶ್ ಬೀಡಿ. ಕಾಯ್ದೆಯ ಪ್ರಕಾರ ಅಲ್ಲಿ ಕೆಲಸ ನಡೆಸಲು ಕಂಪನಿ ಒಪ್ಪಲಿಲ್ಲ. ಕಣ್ಣೂರಿನ ಕೆಲಸ ನಿಲ್ಲಿಸಿತು. ಸುಮಾರು 12,000 ಜನ ಒಂದೇ ಏಟಿಗೆ ನಿರುದ್ಯೋಗಿಗಳಾದರು.

ಬಟ್ಟೆ ಗಿರಣಿಯಾಗಿದ್ದರೆ ಇಷ್ಟು ಸುಲಭವಾಗಿ ನಡೆಯುತ್ತಿರಲಿಲ್ಲ. ಗಿರಣಿಯ ಮಾಲೀಕನಿಗೆ ಕಟ್ಟಡ ಇದೆ, ಮಗ್ಗ ಇದೆ, ಬಾಯ್ಲರ್ ಇದೆ. ಅವನು ಬಾಗಿಲು ಹಾಕಿದರೂ ಅವನ ಆಸ್ತಿ ಊರಲ್ಲೇ ತುಕ್ಕು ಹಿಡಿಯುತ್ತಾ ಕೂರುತ್ತದೆ. ಬೀಡಿಗೆ ಏನಿದೆ? ಎಲೆ ಮಧ್ಯಪ್ರದೇಶದ ಕಾಡಿನಿಂದ ಬರುತ್ತದೆ, ಹೊಗೆಸೊಪ್ಪು ಗುಜರಾತಿನಿಂದಲೋ ನಿಪ್ಪಾಣಿಯಿಂದಲೋ ಬರುತ್ತದೆ. ಕತ್ತರಿ, ಮೊರ ಕೆಲಸಗಾರನವೇ. ಕಂಪನಿಯ ನಿಜವಾದ ಆಸ್ತಿ ಎಂದರೆ ಕಟ್ಟಿನ ಮೇಲೆ ಅಂಟಿಸುವ ಲೇಬಲ್ಲು ಮತ್ತು ಆ ಲೇಬಲ್ಲನ್ನು ನಂಬಿದ ಸೇದುವವರ ನಾಲಿಗೆ. ಇವೆರಡೂ ಲಾರಿ ಹತ್ತಬೇಕಾದವಲ್ಲ. ಕಣ್ಣೂರಿನಿಂದ ಮಂಗಳೂರಿಗೆ 150 ಕಿಲೋಮೀಟರಿಗೂ ಕಡಿಮೆ. ತಲಪಾಡಿ ದಾಟಿದರೆ ಬೇರೆ ರಾಜ್ಯ, ಅಂದರೆ ಬೇರೆ ದಿನಾಂಕ.

ಈಗ ಆ ನಾಲ್ಕು ತಿಂಗಳು. ಅಕ್ಟೋಬರ್ ಮಧ್ಯದಿಂದ ಮರುವರ್ಷದ ಫೆಬ್ರುವರಿ ಮಧ್ಯದವರೆಗೆ. ಈ ಕಥೆ ಹೇಳುವವರು ಸಾಮಾನ್ಯವಾಗಿ ಕಾನೂನಿನಿಂದ ನೇರ ಸಹಕಾರ ಸಂಘಕ್ಕೆ ನೆಗೆದುಬಿಡುತ್ತಾರೆ, ನಡುವೆ ಒಂದು ಅಲ್ಪವಿರಾಮ. ಸಾವಿರ ಬೀಡಿಗೆ ಇಷ್ಟು ಎಂದು ಎಣಿಸಿ ಕೂಲಿ ಪಡೆಯುವವನಿಗೆ ನಾಲ್ಕು ತಿಂಗಳು ಅಲ್ಪವಿರಾಮವಲ್ಲ. ಅವನಿಗೆ ಉಳಿತಾಯವಿಲ್ಲ, ಅಂಗಡಿಯ ಲೆಕ್ಕಪುಸ್ತಕ ಇದೆ. ಈ ಕಾನೂನು ಬೇಕು ಎಂದು ಮೆರವಣಿಗೆ ಹೋದವನೂ ಅವನೇ. ತಾನು ಮತ ಹಾಕಿ ತಂದ ಸರ್ಕಾರ, ತಾನು ಕೇಳಿ ಪಡೆದ ಕಾನೂನು, ಅದರಿಂದಾಗಿ ಹೋದ ಕೆಲಸ. ಯಾರನ್ನು ಬೈಯಬೇಕು? ಮಾಲೀಕನನ್ನು ಬೈಯುವುದು ಸುಲಭ, ಆದರೆ ಮಾಲೀಕ ಎದುರಿಗಿಲ್ಲ.

ಸರ್ಕಾರದ ಕೈಯಲ್ಲಿ ಆಗ ಇದ್ದ ದಾರಿಗಳೂ ಹೆಚ್ಚೇನಲ್ಲ. ಹೋದ ಕಂಪನಿಯನ್ನು ಹಿಡಿದು ತರುವ ಕಾನೂನಿರಲಿಲ್ಲ. ಕಾಯ್ದೆಯನ್ನು ಸದ್ದಿಲ್ಲದೆ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು; ಮುಂದಿನ ದಿನಾಂಕಕ್ಕೆ ಮುಂದೂಡಿ, ಕಂಪನಿಯ ಜೊತೆ ಮಾತಾಡಿ, ಹೇಗೋ ಕೆಲಸ ಮರಳಿ ತರಿಸಬಹುದಿತ್ತು. ಇಂದಿನ ಎಷ್ಟೋ ಸರ್ಕಾರಗಳು ಅದನ್ನೇ ಮಾಡುತ್ತಿದ್ದವು, ಅದನ್ನು ವ್ಯಾವಹಾರಿಕ ಎಂದು ಹೊಗಳುವ ಸಂಪಾದಕೀಯಗಳೂ ಬರುತ್ತಿದ್ದವು. ಇ.ಎಂ.ಎಸ್. ಸರ್ಕಾರ ಹಾಗೆ ಮಾಡಲಿಲ್ಲ. ಕೆಲಸ ಕಳೆದುಕೊಂಡವರನ್ನೇ ಸೇರಿಸಿ ಸಹಕಾರ ಸಂಘ ಕಟ್ಟುವುದಕ್ಕೆ ಹೊರಟಿತು. ಕೈಗಾರಿಕಾ ಸಚಿವ ಟಿ.ವಿ. ಥಾಮಸ್ ಸಿಪಿಐನವರು, ಕಣ್ಣೂರಿನ ಬೀಡಿ ಕಾರ್ಮಿಕರಲ್ಲಿ ದೊಡ್ಡ ಪಾಲು ಸಿಪಿಎಂ ಕಡೆಯವರು. ಆ ಮುನಿಸಿನ ಕಾಲದಲ್ಲೂ ಇದೊಂದು ಕೆಲಸ ನಡೆಯಿತು.

1969ರ ಫೆಬ್ರುವರಿ 15ರಂದು ಕೇರಳ ದಿನೇಶ್ ಬೀಡಿ ಆರಂಭವಾಯಿತು. ಗಣೇಶ್ ಹೋಗಿ ದಿನೇಶ್ ಬಂದದ್ದರಲ್ಲಿ ಪ್ರಾಸದ ಉದ್ದೇಶ ಇತ್ತೋ ಇಲ್ಲವೋ, ಅಂಗಡಿಯಲ್ಲಿ ಕೇಳುವವನ ಬಾಯಿಗೆ ಕಷ್ಟವಂತೂ ಆಗಿರಲಾರದು. ಸದಸ್ಯನ ಷೇರು 20 ರೂಪಾಯಿ. ಕೆಲಸಗಾರ ಕೈಯಿಂದ ಕೊಡಬೇಕಾದದ್ದು 1 ರೂಪಾಯಿ. ಉಳಿದದ್ದನ್ನು ಸರ್ಕಾರ ಸಾಲವಾಗಿ ಕೊಟ್ಟಿತು, ಕೂಲಿಯಿಂದ ನಿಧಾನವಾಗಿ ತೀರಿಸುವ ಷರತ್ತಿನಲ್ಲಿ. ಅಲ್ಲಲ್ಲಿ ಪ್ರಾಥಮಿಕ ಸಂಘಗಳು, ಮೇಲೆ ಕಣ್ಣೂರಿನಲ್ಲಿ ಒಂದು ಕೇಂದ್ರ ಸಂಘ. ಎಲೆ ಮತ್ತು ಹೊಗೆಸೊಪ್ಪು ಕೊಳ್ಳುವುದು, ಮಾರುವುದು ಕೇಂದ್ರದ ಕೆಲಸ. ಸುತ್ತುವುದು ಕೆಳಗಿನ ಸಂಘಗಳ ಕೆಲಸ. ಮುನ್ನಡೆಸಲು ಬಂದವರು ಕೈಗಾರಿಕಾ ಇಲಾಖೆಯ ಅಧಿಕಾರಿ ಜಿ.ಕೆ. ಪಣಿಕ್ಕರ್. ಬೀಡಿ ಸೇದುವವನು ಬ್ರ್ಯಾಂಡು ಬದಲಿಸುವುದು ಪಕ್ಷ ಬದಲಿಸುವುದಕ್ಕಿಂತ ಕಷ್ಟ ಎನ್ನುತ್ತಾರೆ. ಆದರೂ ಸಂಘಗಳ ಬಲ ಇದ್ದ ಊರುಗಳಲ್ಲಿ ನಾಲಿಗೆಗಳು ಬದಲಾದವು. ಓದುವ ಪದ್ಧತಿ ಹೊಸ ಶೆಡ್ಡುಗಳಲ್ಲೂ ಮುಂದುವರಿಯಿತು. ವಾರದ ರಜೆ, ಬೋನಸ್, ಭವಿಷ್ಯ ನಿಧಿ, ಹೀಗೆ ಯಾವುದನ್ನು ಕೊಡಲಾಗದು ಎಂದು ಕಂಪನಿ ಊರು ಬಿಟ್ಟಿತ್ತೋ ಅದೆಲ್ಲವನ್ನೂ, ಅದಕ್ಕಿಂತ ಹೆಚ್ಚನ್ನೂ, ದಿನೇಶ್ ಕೊಟ್ಟು ತೋರಿಸಿತು. ಮುಂದೊಂದು ಹಂತದಲ್ಲಿ ಅದರ ಕೆಲಸಗಾರರ ಸಂಖ್ಯೆ 40,000 ದಾಟಿತು.

ಇಲ್ಲಿಗೆ ನಿಲ್ಲಿಸಿದರೆ ಇದೊಂದು ವಿಜಯದ ಕಥೆ. ಹಾಗೆ ಹೇಳುವವರೂ ಇದ್ದಾರೆ. ಕಾನೂನು ಬಿಗಿ ಮಾಡಿದರೆ ಉದ್ಯಮ ಓಡಿಹೋಗುತ್ತದೆ ಎನ್ನುವವರೂ ಇದೇ ಪ್ರಸಂಗವನ್ನು ಎತ್ತಿಕೊಳ್ಳಬಹುದು; ಅವರ ಕಥೆ 1968ರ ಅಕ್ಟೋಬರಿನಲ್ಲೇ ಮುಗಿಯುತ್ತದೆ, ಇವರದ್ದು ಫೆಬ್ರುವರಿಯಲ್ಲಿ ಶುರುವಾಗುತ್ತದೆ. ಎರಡರಲ್ಲೂ ಲೆಕ್ಕಕ್ಕೆ ಬಾರದ ಒಂದು ಸಂಖ್ಯೆ ಇದೆ. ಕೆಲಸ ಕಳೆದುಕೊಂಡವರು 12,000, ದಿನೇಶ್ ಶುರುವಾದಾಗ ಅದರೊಳಗೆ ಬಂದವರು ಸುಮಾರು 3,000. ಉಳಿದ ಒಂಬತ್ತು ಸಾವಿರ ಜನರಿಗೆ ಆ ಸರ್ಕಾರದ ನೀತಿ ಎಂದರೆ ಆ ದಿನದ ಮಟ್ಟಿಗೆ ಬರೀ ಕಾಯುವುದು. ಸರ್ಕಾರಕ್ಕಂತೂ ಕಾಯುವ ಸಮಯ ಸಿಗಲಿಲ್ಲ. ಒಳಜಗಳದಲ್ಲಿ 1969ರ ಅಕ್ಟೋಬರಿನಲ್ಲಿ ಇ.ಎಂ.ಎಸ್. ರಾಜೀನಾಮೆ ಕೊಟ್ಟರು, ನವೆಂಬರಿನಲ್ಲಿ ಸಿಪಿಐನ ಅಚ್ಯುತ ಮೆನನ್ ಬಂದರು. ದಿನೇಶ್ ಆ ಬದಲಾವಣೆಯನ್ನು ದಾಟಿ ಉಳಿಯಿತು. ಸರ್ಕಾರ ಅದನ್ನು ತನ್ನ ಇಲಾಖೆಯ ಕಾರ್ಖಾನೆಯಾಗಿ ಕಟ್ಟದೆ ಕೆಲಸಗಾರರ ಷೇರಿನ ಮೇಲೆ ಕಟ್ಟಿದ್ದೇ ಅದಕ್ಕೆ ಕಾರಣ ಎಂದು ನಾನು ನಂಬುತ್ತೇನೆ. ಎಂಟು ತಿಂಗಳ ಕೂಸಿಗೆ ತಂದೆ ಬದಲಾದರೂ ತಾಯಿ ಇದ್ದಳು.

ಕೊನೆಗೆ ಅದನ್ನು ಬಡಕಲು ಮಾಡಿದ್ದು ಸರ್ಕಾರವಲ್ಲ, ಸೇದುವವರು ಕಡಿಮೆಯಾದದ್ದು. ತೊಂಬತ್ತರ ದಶಕದಿಂದ ದಿನೇಶ್ ತೆಂಗಿನ ಹಾಲು, ಕೊಡೆ ಎಂದು ಬೇರೆ ದಾರಿ ಹುಡುಕಿತು. 1999ರಲ್ಲಿ ಕೇರಳ ಹೈಕೋರ್ಟು ಸಾರ್ವಜನಿಕ ಸ್ಥಳಗಳಲ್ಲಿ ಧೂಮಪಾನ ನಿಷೇಧಿಸಿತು. ಬೀಡಿ ಒಳ್ಳೆಯ ವಸ್ತು ಎಂದು ವಾದಿಸಲು ನಾನು ಕುಳಿತಿಲ್ಲ. ಅಜ್ಜಿಯ ಕೆಮ್ಮು ಕೇಳಿ ಬೆಳೆದವಳು.

ಇನ್ನು ಗಡಿಯ ಈಚೆ. ಕಣ್ಣೂರಿನ ಶೆಡ್ಡಿನಲ್ಲಿ ಕೂತಿದ್ದವರು ಸಂಘಟಿತ ಗಂಡಸರು. ನಮ್ಮ ಕಡೆ ಬೀಡಿ ಹೋದದ್ದು ಮನೆಗಳಿಗೆ, ಹೆಂಗಸರ ಕೈಗೆ. ಬ್ರಾಂಚಿಗೆ ಹೋಗಿ ಎಲೆ, ಹೊಗೆಸೊಪ್ಪು ತೂಗಿಸಿಕೊಂಡು ಬಂದು, ಅಡುಗೆ, ದನ, ಮಕ್ಕಳ ನಡುವೆ ಕಟ್ಟಿ, ಮತ್ತೆ ಒಯ್ದು ಕೊಡುವುದು. ಎಲೆ ಕಡಿಮೆ ಬಂದರೆ ಕೈಯಿಂದ ಕೊಳ್ಳಬೇಕು. ಬೀಡಿ ಸರಿಯಿಲ್ಲ ಎಂದು ಬದಿಗೆ ತೆಗೆದರೆ ಅದರ ಕೂಲಿ ಇಲ್ಲ. ಕಾಯ್ದೆ ಮನೆಯಲ್ಲಿ ಕಟ್ಟುವವರನ್ನೂ ನೌಕರರೆಂದೇ ಕರೆದಿತ್ತು. ಆದರೆ ಗಂಟೆಗಳ ಮಿತಿ, ಲೈಸೆನ್ಸು, ಶೌಚಾಲಯ, ಕ್ಯಾಂಟೀನು ಎಂಬ ವಿಧಿಗಳೆಲ್ಲ ಶೆಡ್ಡನ್ನು ಕಣ್ಣಮುಂದಿಟ್ಟುಕೊಂಡು ಬರೆದವು. ಜಗಲಿಯಲ್ಲಿ ಎಷ್ಟು ಗಂಟೆ ದುಡಿದಳು ಎಂದು ಯಾವ ಇನ್ಸ್‌ಪೆಕ್ಟರು ಅಳೆಯುತ್ತಾನೆ? ಮಾಲೀಕರು ಕಾಯ್ದೆಯನ್ನು ಕೋರ್ಟಿನಲ್ಲೂ ಪ್ರಶ್ನಿಸಿದರು. 1974ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆ ತೀರ್ಪು ಕಾನೂನು ಪುಸ್ತಕಗಳಲ್ಲಿ ಮಂಗಳೂರು ಗಣೇಶ್ ಬೀಡಿಯ ಹೆಸರಿನಲ್ಲೇ ಇದೆ. 1976ರಲ್ಲಿ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯ ಕಾನೂನು ಬಂತು. ನನ್ನ ವಿದ್ಯಾರ್ಥಿವೇತನ ಬಂದದ್ದು ಅಲ್ಲಿಂದ.

ಆದ್ದರಿಂದ ಕಣ್ಣೂರಿನ ಕಾರ್ಮಿಕರಿಗೆ ಅವರ ಸರ್ಕಾರದಿಂದ ಒಳಿತಾಯಿತೋ ಕೆಡುಕಾಯಿತೋ ಎಂಬ ಪ್ರಶ್ನೆಗೆ ಉತ್ತರ ಹುಡುಕುವಾಗ ನಾನು ಮತದಾರರ ಪಟ್ಟಿಯ ಆಚೆಗೂ ನೋಡಬೇಕಾಗುತ್ತದೆ. ಕೇರಳದ ಆ ದಿನಾಂಕಕ್ಕೆ ಬಂಟ್ವಾಳದ ಹೆಂಗಸರು ಮತ ಹಾಕಿರಲಿಲ್ಲ. ಅಲ್ಲಿ ನಿಂತ ಕೆಲಸ ಬೇರೆಡೆ ನಡೆಯಲೇಬೇಕಿತ್ತು, ಮಂಗಳೂರಿನ ಕಂಪನಿಗಳಿಗೆ ಈ ಜಗಲಿಗಳು ಹತ್ತಿರವಿದ್ದವು. ಅವರಿಗೆ ಅದರಿಂದ ಕಾಸು ಬಂತು, ಗಂಡನ ಕೈ ನೋಡದೆ ಖರ್ಚು ಮಾಡಬಹುದಾದ ಮೊದಲ ಕಾಸು. ಇದನ್ನು ಹಗುರಾಗಿ ನೋಡುವಂತಿಲ್ಲ. ಬಂದದ್ದು ಅಗ್ಗದ ಕೆಲಸವಾಗಿ. ಎರಡೂ ರಾಜ್ಯಗಳು ಒಂದೇ ದಿನಾಂಕ ಹಾಕಿದ್ದರೆ ಕಂಪನಿಗೆ ಹೋಗಲು ಜಾಗವಿರುತ್ತಿರಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರು ಬೀಡಿ ಕಟ್ಟಲು ಕಲಿತದ್ದು ಹೆಚ್ಚುಕಡಿಮೆ ಆ ವರ್ಷಗಳಲ್ಲೇ. ಈಗ ಬೆರಳು ಸೆಟೆದುಕೊಂಡಿವೆ, ಕಟ್ಟುವುದಿಲ್ಲ. ಕಾಯ್ದೆ, ದಿನಾಂಕ, ಮುಷ್ಕರ ಎಲ್ಲವನ್ನೂ ಹೂಂಗುಟ್ಟಿ ಕೇಳಿದರು. ಒಬ್ಬ ಪತ್ರಿಕೆ ಓದುತ್ತಿದ್ದ, ಅವನ ಪಾಲಿನ ಬೀಡಿಯನ್ನು ಉಳಿದವರು ಸುತ್ತುತ್ತಿದ್ದರು ಎಂದಾಗ ಮಾತ್ರ ತಡೆದರು.

“ಅಲ್ಲಿ ಗಂಡಸರು ಸಾ ಬೀಡಿ ಕಟ್ತಿದ್ರಾ ಮಾರಾಯ್ತಿ?” ಎಂದು ಕೇಳಿದರು. ಹೌದೆಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮತ್ತೆ ಅಡಿಗೆ ಯಾರು ಮಾಡ್ತಿದ್ರು?” ಎಂದರು.